ಗುಡ್ಡ ಬೆಳ್ಳಗಾದ ದಿನ

ಹುಳಿ ವಾಸನೆ ಬಂದದ್ದು ಕನಸಿನೊಳಗೋ ಎಚ್ಚರವಾದ ಮೇಲೋ ಚೈಪಿಂಗ್‌ಗೆ ತಿಳಿಯಲಿಲ್ಲ. ಕಣ್ಣು ಬಿಟ್ಟಾಗ ಅದು ಹೊದಿಕೆಯಲ್ಲಿತ್ತು, ಕೂದಲಲ್ಲಿತ್ತು, ಬೆರಳುಗಳ ಸಂದಿಯಲ್ಲೂ ಇತ್ತು. ಅಂಗಳಕ್ಕೆ ಬಂದು ಚಾಪೆ ಎತ್ತಿದಳು. ಹೆರೆದು ರಾಶಿ ಹಾಕಿದ್ದ ಗೆಣಸಿನ ಬಿಲ್ಲೆಗಳು ಮೇಲ್ಮೇಲೆ ಬೆಳ್ಳಗೇ ಕಂಡವು. ಕೈಯನ್ನು ಒಳಗೆ ತೂರಿಸಿದಳು. ರಾಶಿಯ ಹೊಟ್ಟೆ ಜ್ವರ ಬಂದ ಮೈಯ ಹಾಗೆ ಬೆಚ್ಚಗಿತ್ತು. ಹೊರಗೆ ತೆಗೆದ ಬಿಲ್ಲೆಯ ಅಂಚಿನಲ್ಲಿ ಸಣ್ಣ ಕೂದಲಿನಂಥ ಕಪ್ಪು ಬೂಷ್ಟು. ಯಾರೂ ನೋಡುವ ಮೊದಲು ಅವಳು ಅದನ್ನು ಬಾಯಿಗೆ ಹಾಕಿಕೊಂಡು ನುಂಗಿಬಿಟ್ಟಳು. ನುಂಗಿದ ಮೇಲೆ, ಯಾಕೆ ಹಾಗೆ ಮಾಡಿದೆ ಎಂದು ಯೋಚಿಸಿದಳು. ಬಟ್ಟಲು ಒಡೆದ ಮಗು ಚೂರನ್ನು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡು ಓಡಾಡುವ ಹಾಗೆ ಅವಳು ಅಂಗಳದಲ್ಲಿ ಸುಮ್ಮನೆ ಎರಡು ಸುತ್ತು ಬಂದಳು.

ಗಾಳಿ ವಾಯವ್ಯದಿಂದ ಬೀಸುತ್ತಿತ್ತು. ಒಣ ಗಾಳಿ. ಆಕಾಶದಲ್ಲಿ ಒಂದು ಎಳೆ ಮೋಡವಿಲ್ಲ. ಈ ಗುಡ್ಡಗಳ ಜನ ಇಂಥ ನಾಲ್ಕು ದಿನಕ್ಕಾಗಿ ವರ್ಷವಿಡೀ ಕಾಯುತ್ತಾರೆ. ಗೆಣಸು ಕಿತ್ತು, ಹೆರೆದು, ಇಳಿಜಾರಿನ ಬಂಡೆಗಳ ಮೇಲೂ ಹುಲ್ಲಿನ ಮೇಲೂ ಒಂದೊಂದೇ ಬಿಲ್ಲೆಯಾಗಿ ಹರಡಿದರೆ ಗುಡ್ಡಕ್ಕೆ ಗುಡ್ಡವೇ ಬೆಳ್ಳಗಾಗುತ್ತದೆ. ನಾಲ್ಕು ದಿನದಲ್ಲಿ ಬಿಲ್ಲೆ ಒಣಗಿ ಕಟಕಟ ಮುರಿಯುತ್ತದೆ. ಚಳಿಗಾಲ, ವಸಂತ, ಮುಂದಿನ ಗೋಧಿ ಬರುವವರೆಗೆ ಹೊಟ್ಟೆ ನಡೆಯುತ್ತದೆ. ಈ ವರ್ಷ ಮಳೆ ಸುರಿದು ಗೆಣಸು ನೆಲದಲ್ಲೇ ತಡವಾಯಿತು. ಮಳೆ ನಿಂತಿತು ಎನ್ನುವಾಗ ಉತ್ತರದ ದಾರಿಯಿಂದ ಜಪಾನಿನ ಸೈನ್ಯ ಕೆಸರು ತುಳಿಯುತ್ತ ಬಂತು. ಅದು ಹೊರಟಿದ್ದು ಚಿಂಗ್‌ಟಾವ್ ಬಂದರಿಗೆ, ಅಲ್ಲಿ ಕೋಟೆ ಕಟ್ಟಿ ಕೂತ ಜರ್ಮನರನ್ನು ಓಡಿಸುವುದಕ್ಕೆ. ಅದರ ಒಂದು ತುಕಡಿ ಇವರ ಹಳ್ಳಿಯಲ್ಲಿ ನಿಂತಿತು. ಹಿರಿಯರ ಗುಡಿಯಲ್ಲಿ ಕ್ಯಾಪ್ಟನ್ ಇಳಿದುಕೊಂಡ. ಹಳ್ಳಿಯ ಹಿಂದಿನ ಹಳ್ಳದಲ್ಲಿ ತೋಪುಗಳನ್ನು ಪೈನ್ ಕೊಂಬೆ ಹೊದಿಸಿ ಮಲಗಿಸಿದರು. ಮಾರನೆಯ ದಿನವೇ ಅಪ್ಪಣೆ: ಗುಡ್ಡದ ಮೇಲೆ ಬೆಳ್ಳಗಿನದೇನೂ ಕಾಣಕೂಡದು. ಜರ್ಮನರ ಬಳಿ ಒಂದು ವಿಮಾನವಿದೆ, ಅದು ಮೇಲಿಂದ ನೋಡುತ್ತದೆ, ನೋಡಿ ಹೋಗಿ ತೋಪಿನವರಿಗೆ ಹೇಳುತ್ತದೆ.

ಆ ದಿನ ಎಲ್ಲರಿಗಿಂತ ಚುರುಕಾಗಿ ಗುಡ್ಡ ಬಳಿದವಳು ಚೈಪಿಂಗ್. ಆಗತಾನೆ ಹರಡಿದ್ದ ಬಿಲ್ಲೆಗಳನ್ನು ಬುಟ್ಟಿಗೆ ತುಂಬಿ, ಬಂಡೆ ಸಂದಿಯಲ್ಲಿ ಬಿದ್ದದ್ದನ್ನು ಕಡ್ಡಿಯಿಂದ ಕೆದಕಿ, ಪೊರಕೆ ತಂದು ಗುಡಿಸಿದ್ದಳು ಕೂಡ. ಗುಡ್ಡವನ್ನು ಗುಡಿಸುವುದು! ಅಲ್ಲಿ ನಿಂತಿದ್ದ ಎಳೆಯ ಸಿಪಾಯಿ ಅವಳ ಕೆಲಸ ನೋಡಿ ತಲೆಯಾಡಿಸಿದ್ದ. ಆ ತಲೆಯಾಡಿಕೆಗೆ ಅವಳ ಎದೆ ಬೆಚ್ಚಗಾಗಿತ್ತು. ಗಂಡ ಸತ್ತ ಮೇಲೆ ಎರಡು ವರ್ಷದಲ್ಲಿ ಯಾರೂ ಅವಳ ಕೆಲಸಕ್ಕೆ ತಲೆಯಾಡಿಸಿರಲಿಲ್ಲ. ಅದಾಗಿ ಮೂರನೆಯ ದಿನ ಜರ್ಮನರ ತೋಪಿನ ಗುಂಡು ಬಂದು ಹಳ್ಳಿಯ ಬೀಸುಕಲ್ಲಿನ ಮೇಲೆ ಬಿತ್ತು. ನವಣೆ ಬೀಸುತ್ತಿದ್ದ ಮುದುಕ ಲ್ಯು ಸತ್ತ, ಕಲ್ಲು ಎಳೆಯುತ್ತಿದ್ದ ಕತ್ತೆ ಸತ್ತಿತು. ಮುದುಕನಿಗೆ ಹೆಂಡತಿ ಮಕ್ಕಳಿರಲಿಲ್ಲ, ಆದ್ದರಿಂದ ಅಳುವವರೂ ಇರಲಿಲ್ಲ. ಊರಿನ ಹೆಂಗಸರು ಸರದಿಯ ಮೇಲೆ ಸ್ವಲ್ಪ ಸ್ವಲ್ಪ ಅತ್ತರು. ಆಮೇಲೂ ಗುಂಡುಗಳು ಬಂದವು, ಹೊಲಕ್ಕೆ, ಹಳ್ಳಕ್ಕೆ, ಒಮ್ಮೆ ಬಾವಿಯ ಪಕ್ಕಕ್ಕೆ. ಇಷ್ಟು ಚೊಕ್ಕಟವಾಗಿ ಗುಡಿಸಿದ ಮೇಲೂ ಯಾಕೆ ಬರುತ್ತವೆ ಎಂದು ಅವಳು ಯೋಚಿಸಿದಳು. ಎಲ್ಲೋ ಒಂದು ಬಿಲ್ಲೆ ಉಳಿದಿರಬೇಕು. ತನ್ನ ಕಣ್ಣು ತಪ್ಪಿದ ಒಂದು ಬಿಲ್ಲೆ ಬಂಡೆಯ ಮೇಲೆ ಹಲ್ಲಿನ ಹಾಗೆ ಹೊಳೆಯುತ್ತ ಮುದುಕ ಲ್ಯುವನ್ನು ತೋರಿಸಿಕೊಟ್ಟಿರಬೇಕು.

ಪಕ್ಕದ ಮನೆಯ ಸುನ್ ಅಕ್ಕ ಕೆಂಡ ಕೇಳಲು ಬಂದಳು. ದಪ್ಪನೆಯ ಹೆಂಗಸು, ಬಾಯಿ ಅದಕ್ಕಿಂತ ದಪ್ಪ. ಸತ್ತ ಕತ್ತೆ ಅವಳದೇ.

"ಏನೇ, ನಿಮ್ಮನೇದೂ ಹೆಂಡ ಆಗ್ತಿದೆಯಾ? ನಮ್ಮದಂತೂ ರಾಶಿ ಪಕ್ಕ ನಿಂತರೇ ಅಮಲು ಬರತ್ತೆ," ಎಂದಳು.

ಚೈಪಿಂಗ್‌ಳ ಭಾವ, ಗಂಡನ ಅಣ್ಣ ಷೌರೆನ್ ಬಾಗಿಲಲ್ಲಿ ಕೂತು ಗಂಜಿ ಕುಡಿಯುತ್ತಿದ್ದ. "ಸ್ವಲ್ಪ ಮೆಲ್ಲಗೆ ಮಾತಾಡು," ಎಂದ. ಅವನಿಗೆ ಎಲ್ಲವೂ ಮೆಲ್ಲಗೆ ಆಗಬೇಕು.

"ಯಾಕೆ ಮೆಲ್ಲಗೆ? ನನಗೊಂದು ಅರ್ಥ ಆಗ್ಲಿಲ್ಲ, ನೀವು ಓದಿದೋರು, ಹೇಳಿ. ಯುರೋಪಲ್ಲಿ ಯಾವನೋ ರಾಜಕುಮಾರನ್ನ ಯಾವನೋ ಗುಂಡಿಕ್ಕಿ ಕೊಂದನಂತೆ. ಅದಕ್ಕೆ ಜರ್ಮನಿಯೋನು ರಷ್ಯಾದೋನ ಮೇಲೆ ಬಿದ್ದ, ಫ್ರಾನ್ಸಿನೋನ ಮೇಲೂ ಬಿದ್ದ. ಇಂಗ್ಲಿಷಿನೋನು ಜರ್ಮನಿಯೋನ ಮೇಲೆ ಬಿದ್ದ. ನಾನು ಇಂಗ್ಲಿಷಿನೋನ ಸ್ನೇಹಿತ ಅಂತ ಈ ಜಪಾನಿನೋನು ಇಲ್ಲಿಗೆ ಬಂದ. ಎಲ್ಲ ಸರಿ. ಸತ್ತಿದ್ದು ಯಾರು? ನನ್ನ ಕತ್ತೆ. ನನ್ನ ಕತ್ತೆ ಆ ರಾಜಕುಮಾರನಿಗೆ ಏನಾಗ್ಬೇಕಿತ್ತು?"

"ಪೀಕಿಂಗ್ ಸರ್ಕಾರ ನಾವು ಯಾರ ಕಡೆಗೂ ಇಲ್ಲ ಅಂತ ಬರೆದು ಸಾರಿದೆ."

"ಆ ಕಾಗದಾನ ಕತ್ತೆ ಬೆನ್ನಿಗೆ ಕಟ್ಟಿದ್ರೆ ಚೆನ್ನಾಗಿತ್ತು. ಆ ಹಾರೋನು ಮೇಲಿಂದ ಓದ್ಕೊಂಡು ಹೋಗ್ತಿದ್ದ."

ಚೈಪಿಂಗ್‌ಗೆ ನಗು ಬಂತು. ನಕ್ಕದ್ದನ್ನು ಭಾವ ನೋಡಿದ. ನಗು ಅವಳ ಮುಖದಲ್ಲಿ ಹಾಗೇ ಎಲ್ಲೂ ಹೋಗಲಾರದೆ ನಿಂತಿತು.

ಸುನ್ ಅಕ್ಕ ಹೋದ ಮೇಲೆ ಷೌರೆನ್ ರಾಶಿಯ ಬಳಿ ಬಂದು ಮೂಸಿದ. ಒಳಗೆ ಬೆಚ್ಚನೆಯ ಇಟ್ಟಿಗೆ ಜಗಲಿಯ ಮೇಲೆ ಕೂತಿದ್ದ ತಾಯಿಗೆ ಹೇಳಿದ, ಆದರೆ ಅಂಗಳಕ್ಕೆ ಕೇಳುವಷ್ಟು ಗಟ್ಟಿಯಾಗಿ: "ಇದು ಹೋಯ್ತು ಅಂತಾದ್ರೆ ಈ ಮನೇಲಿ ಇಷ್ಟು ಬಾಯಿ ವಸಂತದವರೆಗೆ ನಡೆಯಲ್ಲಮ್ಮ. ಜಿಮೋ ಕಡೆ ಎಣ್ಣೆಗಾಣದೋನು ಇನ್ನೂ ಕೇಳ್ತಿದಾನೆ. ಹೊಸ ಹೆಂಡ್ತಿಯಾಗಿ ಇವಳನ್ನ ಕೊಟ್ರೆ ಎರಡು ಚೀಲ ನವಣೆ ಕೊಡ್ತೀನಿ ಅಂದಿದಾನೆ. ಹಿಮ ಬೀಳೋ ಮುಂಚೆ ಒಂದು ಮಾತು ಹೇಳ್ಬಿಡೋದು ಒಳ್ಳೇದು."

ಅತ್ತೆ ಕೆಮ್ಮಿದಳು. ಅತ್ತೆಯ ಕೆಮ್ಮಿನಲ್ಲಿ ಹೌದೂ ಇರುತ್ತಿತ್ತು, ಅಲ್ಲವೂ ಇರುತ್ತಿತ್ತು. ಇಷ್ಟು ವರ್ಷದಲ್ಲಿ ಚೈಪಿಂಗ್ ಅವೆರಡನ್ನೂ ಬೇರೆ ಮಾಡಲು ಕಲಿತಿರಲಿಲ್ಲ. ಎಣ್ಣೆಗಾಣದವನನ್ನು ಅವಳು ಒಮ್ಮೆ ಸಂತೆಯಲ್ಲಿ ನೋಡಿದ್ದಳು. ಅವನ ಕೈಗಳು ಮೊಣಕೈಯವರೆಗೆ ಹೊಳೆಯುತ್ತಿದ್ದವು. ಅವನು ಅವಳ ಹಲ್ಲು ನೋಡಿದ್ದ. ಈಗ ಎಲ್ಲವೂ ಈ ರಾಶಿಗೆ ಬಂದು ನಿಂತಿತ್ತು. ರಾಶಿ ಉಳಿದರೆ ಅವಳು ಈ ಅಂಗಳದಲ್ಲಿ ಉಳಿಯುತ್ತಾಳೆ. ಹುಳಿ ಇನ್ನೆರಡು ದಿನ ಏರಿದರೆ ಒಬ್ಬಳ ಬದಲು ಎರಡು ಚೀಲ ನವಣೆ ಒಳಗೆ ಬರುತ್ತದೆ. ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಅದೇ ಅವಳನ್ನು ಹೆಚ್ಚು ಹಿಂಸಿಸಿತು. ಭಾವ ಕೆಟ್ಟವನಾಗಿದ್ದರೆ ಬೈದುಕೊಳ್ಳಬಹುದಿತ್ತು.

ಅವಳು ಬುಟ್ಟಿಯನ್ನೂ ಹುಲ್ಲು ಬಾಚುವ ಬಿದಿರಿನ ಕೋಲನ್ನೂ ಎತ್ತಿಕೊಂಡು ಹೊರಟಳು. ಒಲೆಗೆ ಪೈನ್ ಎಲೆ ತರುವ ಹೆಂಗಸರನ್ನು ಸಿಪಾಯಿಗಳು ತಡೆಯುತ್ತಿರಲಿಲ್ಲ. ಕೆಳಗೆ ದೊಡ್ಡ ದಾರಿಯಲ್ಲಿ ಇಂಗ್ಲಿಷರ ಪಡೆ ಹೋಗುತ್ತಿತ್ತು. ಅದರ ಹಿಂದೆ ತಲೆಗೆ ಬಟ್ಟೆ ಸುತ್ತಿದ, ಉದ್ದ ಗಡ್ಡದ, ಎತ್ತರದ ಸಿಪಾಯಿಗಳು ಹೇಸರಗತ್ತೆಗಳನ್ನು ಹಿಡಿದು ನಡೆಯುತ್ತಿದ್ದರು. ಅವರಲ್ಲೊಬ್ಬ ನಿಂತು ನೆಲದಿಂದ ಹಿಡಿ ಮಣ್ಣೆತ್ತಿ ಬೆರಳಲ್ಲಿ ಪುಡಿ ಮಾಡಿ ನೋಡಿದ. ರೈತ ಮಾಡುವ ಕೆಲಸ. ಇವನ ಊರಲ್ಲಿ ಯಾವ ಬೆಳೆಯೋ. ಇವನನ್ನು ಇಲ್ಲಿಯವರೆಗೆ ಕಳಿಸಿದ್ದು ಯಾರ ಜಗಳವೋ. ಅವನು ಮಣ್ಣನ್ನು ಮೆಲ್ಲಗೆ ಕೆಳಗೆ ಬಿಟ್ಟ, ಎಸೆಯಲಿಲ್ಲ.

ಗುಡ್ಡ ಹತ್ತುವಾಗ, ಚಿಕ್ಕಂದಿನಲ್ಲೇ ಬಟ್ಟೆ ಬಿಗಿದು ಕಟ್ಟಿದ ಪಾದಗಳಿಗೆ ಹಿಮ್ಮಡಿಯೇ ಗತಿ. ಪ್ರತಿ ಹೆಜ್ಜೆಯಲ್ಲೂ ಮೈ ಸ್ವಲ್ಪ ಹಿಂದಕ್ಕೆ ಬೀಳುತ್ತದೆ, ಅದನ್ನು ಮತ್ತೆ ಮುಂದಕ್ಕೆ ಎಳೆಯಬೇಕು. ಗಂಡ ಹಾಸ್ಯ ಮಾಡುತ್ತಿದ್ದ, ನೀನು ಗುಡ್ಡ ಹತ್ತೋದು ನೋಡಿದರೆ ಗುಡ್ಡಕ್ಕೇ ಸುಸ್ತಾಗತ್ತೆ ಎಂದು. ಅವನು ಚಿಂಗ್‌ಟಾವ್‌ನಲ್ಲಿ ಜರ್ಮನರ ಕೋಟೆಗೆ ಸಿಮೆಂಟು ಹೊತ್ತವನು. ಚಳಿಗಾಲದಲ್ಲಿ ಮನೆಗೆ ಬಂದರೆ ಅವನ ರೆಪ್ಪೆಗಳಲ್ಲೂ ಬೂದುಬಣ್ಣ. ಗೋಡೆ ಎಷ್ಟು ದಪ್ಪ ಗೊತ್ತಾ, ಎಂದು ಎರಡು ತೋಳು ಚಾಚಿ, ಸಾಲದೆ ಅವಳ ತೋಳನ್ನೂ ಚಾಚಿಸಿ ತೋರಿಸುತ್ತಿದ್ದ. ಅದರ ಹಿಂದೆ ತೋಪು ಕೂರಿಸ್ತಾರೆ, ಸಮುದ್ರದ ಕಡೆ ಮುಖ ಮಾಡಿ. ಅವಳಿಗೆ ಹೆಮ್ಮೆಯಾಗುತ್ತಿತ್ತು. ತೋಪುಗಳು ಈ ಕಡೆಗೂ ತಿರುಗುತ್ತವೆ ಎಂದು ಅವನಿಗೆ ಗೊತ್ತಿತ್ತೋ ಏನೋ. ಹಲಗೆ ಜಾರಿ ಬಿದ್ದು ಸತ್ತ. ಅವನ ಕೂಲಿಯಲ್ಲಿ ಕೊಂಡ ಮೇಕೆಯ ಹಾಲು ಕುಡಿದೇ ಭಾವನ ಮಕ್ಕಳು ಬೆಳೆದವು. ಮುದುಕ ಲ್ಯುವಿನ ಮೇಲೆ ಬಿದ್ದ ಗುಂಡು ಆ ಗೋಡೆಯ ಹಿಂದಿನಿಂದಲೇ ಹೊರಟಿತೆಂದು ಅವಳು ಯಾರಿಗೂ ಹೇಳಿರಲಿಲ್ಲ. ಹೇಳುವುದೇನಿತ್ತು, ಎಲ್ಲರಿಗೂ ಗೊತ್ತು. ಈ ಹಳ್ಳಿಯ ಪ್ರತಿ ಮನೆಯಿಂದಲೂ ಒಬ್ಬ ಅಲ್ಲಿ ಸಿಮೆಂಟು ಹೊತ್ತಿದ್ದ.

ತುದಿ ತಲುಪಿ ಉಸಿರಿಗಾಗಿ ಕೂತಳು. ಬುಟ್ಟಿ ಪಕ್ಕಕ್ಕಿಟ್ಟು ತಲೆ ಎತ್ತಿದಾಗ ಎದುರಿಗೆ ಸಾಲುಸಾಲು ಗುಡ್ಡಗಳು. ಗಾಳಿ ತೊಳೆದಿಟ್ಟ ಬೆಳಕಿನಲ್ಲಿ ಬಹಳ ದೂರದವರೆಗೆ ಕಾಣುತ್ತಿತ್ತು. ಎಲ್ಲ ಗುಡ್ಡಗಳೂ ಬೆಳ್ಳಗಿದ್ದವು. ಅಪ್ಪಣೆ ಇಲ್ಲದ ಹಳ್ಳಿಗಳವರು ಬಿಲ್ಲೆ ಹರಡಿದ್ದರು. ಅವಳಲ್ಲಿ ಮೊದಲು ಎದ್ದದ್ದು ಹೊಟ್ಟೆಕಿಚ್ಚು. ಆ ಹಳ್ಳಿಗಳ ಹೆಂಗಸರ ಮೇಲೆ, ಅವರ ಸುಖದ ಮೇಲೆ, ಸಂಜೆ ಒಣಗೆಣಸಿನ ಹುಡಿ ಹಾರುವ ಅವರ ಅಂಗಳಗಳ ಮೇಲೆ. ಅವಳು ಮುಖ ತಿರುಗಿಸಿಕೊಂಡಳು. ಮತ್ತೆ ನೋಡಿದಳು. ಬಿಳಿಯ ಸಾಲಿನ ನಡುವೆ ಒಂದು ಕಪ್ಪು. ಇನ್ನೊಂದು ಕಪ್ಪು. ಆಚೆ ನದಿಯ ತಿರುವಿನಲ್ಲಿ ಮತ್ತೊಂದು. ತನ್ನ ಕಾಲ ಕೆಳಗಿನ ಇಳಿಜಾರು, ತಾನೇ ಗುಡಿಸಿದ್ದು, ಎಲ್ಲಕ್ಕಿಂತ ಕಪ್ಪಗೆ, ಚೊಕ್ಕಟವಾಗಿ. ನಗುವ ಬಾಯಿಯಲ್ಲಿ ಬಿದ್ದುಹೋದ ಹಲ್ಲುಗಳ ಹಾಗೆ. ಬಾಯಿ ತುಂಬ ಹಲ್ಲಿರುವಾಗ ಯಾರು ಹಲ್ಲು ನೋಡುತ್ತಾರೆ? ಎಲ್ಲರ ಕಣ್ಣೂ ಸಂದಿಗೇ ಹೋಗುತ್ತದೆ.

ಗಂಡ ಒಮ್ಮೆ ಮನೆಗೆ ಬಂದಾಗ ಹೇಳಿದ್ದ. ಕೆಲಸದ ಮೇಲಿನ ಜರ್ಮನ್ ಮೇಸ್ತ್ರಿ ಗುಡ್ಡದ ಕಡೆ ಕೈ ತೋರಿಸಿ, ಇಷ್ಟು ಬೇಗ ಹಿಮ ಬಿತ್ತಾ ಅಂತ ಕೇಳಿದ ಕಣೆ. ನಾವೆಲ್ಲ ಬಿದ್ದೂ ಬಿದ್ದೂ ನಕ್ಕೆವು. ಬುತ್ತಿಯಿಂದ ಒಂದು ಬಿಲ್ಲೆ ತೆಗೆದು ಅವನ ಕೈಗೆ ಕೊಟ್ಟೆ, ಇದೇ ನೋಡು ನಮ್ಮ ಹಿಮ, ತಿನ್ನು ಅಂತ. ಅವನು ತಿಂದ, ಮುಖ ಸಿಂಡರಿಸಿಕೊಂಡ. ಮುಂದಿನ ವರ್ಷ ಅವನೇ ಹೊಸಬರಿಗೆ ಹೇಳ್ತಿದ್ದ, ಅದು ಹಿಮ ಅಲ್ಲ, ಊಟ ಅಂತ. ಅವಳಿಗೆ ಆ ಧ್ವನಿ ಕಿವಿಯ ಪಕ್ಕದಲ್ಲೇ ಕೇಳಿದಂತಾಯಿತು. ಹದಿನಾರು ಹದಿನೇಳು ಶರತ್ಕಾಲ ಆ ಜನ ತಮ್ಮ ಕಿಟಕಿಗಳಿಂದ ಈ ಗುಡ್ಡಗಳು ಬೆಳ್ಳಗಾಗುವುದನ್ನು ನೋಡಿದ್ದಾರೆ. ಬೆಳ್ಳಗಾಗದ ಗುಡ್ಡ ಕಂಡರೆ ಅವರು ಏನು ತಿಳಿಯುತ್ತಾರೆ? ಅಲ್ಲಿಯ ಹೆಂಗಸರಿಗೆ ಯಾರೋ ಬೇಡ ಅಂದಿದ್ದಾರೆ, ಎಂದು ತಿಳಿಯುತ್ತಾರೆ. ಬೇಡ ಎನ್ನುವವನು ಅಲ್ಲೇ ಇದ್ದಾನೆ ಎಂದು ತಿಳಿಯುತ್ತಾರೆ.

ಒಂದೇ ಒಂದು ಬಿಲ್ಲೆಯೂ ಉಳಿದಿರಲಿಲ್ಲ. ಅವಳ ಕಣ್ಣು ತಪ್ಪಿರಲಿಲ್ಲ. ಅವಳು ಬೇಕಾದದ್ದಕ್ಕಿಂತ ಚೆನ್ನಾಗಿ ಗುಡಿಸಿದ್ದಳು, ಮುದುಕ ಲ್ಯು ಸತ್ತದ್ದು ಅದಕ್ಕೇ. ಇದು ಗೊತ್ತಾದಾಗ ಅಳು ಬರಬೇಕಿತ್ತು. ಬಂದದ್ದು ಒಂದು ಯೋಚನೆ: ಇಲ್ಲೂ ಹರಡಿದರೆ ಈ ಗುಡ್ಡ ಬೇರೆ ಗುಡ್ಡಗಳ ಹಾಗೇ ಆಗುತ್ತದೆ. ಚಾಪೆಯ ಕೆಳಗಿನ ರಾಶಿಗೆ ದಾರಿ ಇತ್ತು. ಅವಳು ಎದ್ದು ನಿಂತಳು. ಬುಟ್ಟಿ ಅಲ್ಲೇ ಉಳಿಯಿತು. ಇಳಿಯುವಾಗ ಎರಡು ಸಲ ಬಿದ್ದಳು, ಅಂಗೈ ತರಚಿತು. ತರಚಿದ ಉರಿ ಹಿತವಾಗಿತ್ತು.

ಷೌರೆನ್ ಹಿರಿಯರ ಗುಡಿಯ ಮುಂದಿನ ಜಗಲಿಯಲ್ಲಿ ಊರ ಯಜಮಾನ ಚ್ಯೂ ತಾತನ ಜೊತೆ ಕೂತಿದ್ದ. ಅವಳು ದೂರದಿಂದಲೇ ಮಾತು ಶುರುಮಾಡಿದಳು. ಉಸಿರು ಸಾಲದೆ ಅದು ತುಂಡುತುಂಡಾಗಿ ಬಂತು. ಅವನು ಪೂರ್ತಿ ಕೇಳಿದ. ಕೇಳಿ ಚ್ಯೂ ತಾತನ ಕಡೆ ನೋಡಿ, ಕ್ಷಮೆ ಕೇಳುವವನ ಹಾಗೆ ನಕ್ಕ.

"ಸೈನ್ಯದೋರಿಗೆ ಯುದ್ಧ ಹೇಳಿಕೊಡ್ತೀಯಾ? ಹೋಗು, ಒಲೆ ನೋಡು."

"ಭಾವ, ಒಂದು ಸಲ ನೀವೇ ಹತ್ತಿ ನೋಡಿ. ಬರೀ ನೋಡಿ."

"ನೋಡಿ? ನೋಡಿದ ಮೇಲೆ ಯಾರು ಹೇಳೋದು ಆ ಕ್ಯಾಪ್ಟನ್ನಿಗೆ? ನಾನಾ? ಹೋದ ವಾರ ಮೇವಿಗೆ ಹೆಚ್ಚು ದುಡ್ಡು ಕೇಳಿದ ಅಂತ ಮೇಲುಕೇರಿಯ ಮಾ ಹುಡುಗನ್ನ ಮರಕ್ಕೆ ಕಟ್ಟಿದ್ದು ಮರೆತೋಯ್ತಾ?"

ಚ್ಯೂ ತಾತ ಗಡ್ಡ ನೀವಿಕೊಂಡ. "ಮಗಳೇ, ಹೇಳೋದು ಸರಿ ಇರಬಹುದು. ಆದ್ರೆ ಆತ ಕೂತಿರೋದು ಗುಡಿ ಒಳಗೆ. ಹೆಂಗಸರು ಅಲ್ಲಿಗೆ ಹೋಗೋ ಹಾಗಿಲ್ಲ. ನೀನಂತೂ..." ಎಂದು ಮಾತು ಅಲ್ಲಿಗೇ ಬಿಟ್ಟ. ವಿಧವೆ ಎಂಬ ಮಾತನ್ನು ಹೇಳದೆ ಉಳಿಸಿದ್ದಕ್ಕೆ ಅವಳು ಕೃತಜ್ಞಳಾಗಿರಬೇಕು ಎಂಬಂತೆ ಅವಳ ಮುಖ ನೋಡಿದ.

ಗುಡಿಯ ಬಾಗಿಲು ಅಗಲವಾಗಿ ತೆರೆದಿತ್ತು. ಒಳಗೆ ಹಿರಿಯರ ಹೆಸರಿನ ಹಲಗೆಗಳ ಮುಂದೆ, ಹೊಸ ವರ್ಷಕ್ಕೆ ಎಡೆ ಇಡುವ ಮೇಜಿನ ಮೇಲೆ ನಕ್ಷೆಗಳು. ಕಂಬಕ್ಕೆ ಎರಡು ಕುದುರೆ ಕಟ್ಟಿದ್ದರು. ಅದರಲ್ಲೊಂದು ಬಾಲ ಎತ್ತಿ, ಈ ಊರಿನ ಗಂಡಸರು ಮೊಣಕಾಲೂರಿ ಹಣೆ ತಾಗಿಸುವ ಕಲ್ಲುಹಾಸಿನ ಮೇಲೆ ಲದ್ದಿ ಹಾಕುತ್ತಿತ್ತು. ಆವಿ ಏಳುವ ಆ ಲದ್ದಿಯನ್ನು ಮೂವರೂ ನೋಡಿದರು. ಮದುವೆಯಾಗಿ ಬಂದ ದಿನ ಅವಳು ಈ ಹೊಸ್ತಿಲ ಹೊರಗೆ ನಿಂತು ತಲೆ ಬಾಗಿಸಿದ್ದಳು. ಗಂಡನ ಹೆಸರಿನ ಹಲಗೆ ಒಳಗೆ ಕೂತ ದಿನವೂ ಹೊರಗೇ.

"ಕುದುರೆ ಹೋಗಿದೆಯಲ್ಲ ತಾತ," ಎಂದಳು.

ಅವಳಿಗೆ ತನ್ನ ಧ್ವನಿ ಗುರುತು ಸಿಗಲಿಲ್ಲ. ಭಾವ ಎದ್ದು ಅವಳ ತೋಳು ಹಿಡಿಯಲು ಬಂದ. ಊರೆದುರು ತಮ್ಮನ ಹೆಂಡತಿಯನ್ನು ಮುಟ್ಟಬಾರದೆಂಬುದು ನೆನಪಾಗಿ ಅವನ ಕೈ ಗಾಳಿಯಲ್ಲೇ ನಿಂತಿತು. ಆ ನಿಂತ ಕೈಯ ಕೆಳಗಿಂದ ಅವಳು ಹೊಸ್ತಿಲು ದಾಟಿದಳು.

ಒಳಗಿನ ತಂಪು ಕುತ್ತಿಗೆಗೆ ತಾಗಿತು. ಕಾವಲಿನವನು ಏನೋ ಕೂಗಿದ. ಮೇಜಿನ ಬಳಿಯಿಂದ ದುಭಾಷಿ ಓಡಿಬಂದ. ತಿಯಾನ್‌ಜಿನ್‌ನಲ್ಲಿ ಔಷಧಿ ಮಾರುತ್ತಿದ್ದ ಮಿಯೊಷಿ ಎಂಬ ಜಪಾನಿನವನು. ಚೀನೀ ಮಾತನ್ನು ಪುಸ್ತಕ ಓದಿದ ಹಾಗೆ ಆಡುತ್ತಿದ್ದ.

"ಮಾನ್ಯ ಮಹಿಳೆಯೇ, ತಾವು ಯಾವ ಕಾರಣದಿಂದ ಇಲ್ಲಿಗೆ ಆಗಮಿಸಿದ್ದೀರಿ?"

ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ. ಊರಿನಲ್ಲಿ ಅವಳು ಆ ಮನೆಯ ಮೂರನೆಯ ಮಗನ ಹೆಂಡತಿ, ಆಮೇಲೆ ಮೂರನೆಯ ಮಗನ ವಿಧವೆ. ನಗು ಗಂಟಲವರೆಗೆ ಬಂತು. ಅದೇ ಅವಳನ್ನು ಕಾಪಾಡಿತು, ಭಯ ಬರಲು ಜಾಗ ಉಳಿಯಲಿಲ್ಲ.

"ನಿಮ್ಮ ಸಾಹೇಬರಿಗೆ ಹೇಳಿ. ಅವರ ಸೈನ್ಯ ಎಲ್ಲೆಲ್ಲಿದೆ ಅಂತ ನಾನು ಹೇಳ್ತೀನಿ. ನಮ್ಮೂರಲ್ಲಿದೆ. ನದಿ ತಿರುವಿನ ಹತ್ರ ಇದೆ. ಎರಡು ಪೈನ್ ಕಾಡಿನ ನಡುವಿನ ಹಳ್ಳೀಲಿದೆ. ಆ ಕಡೆ ಸುಣ್ಣದ ಗೂಡಿನ ಹಿಂದೆ ಇದೆ."

ಮಿಯೊಷಿಯ ಮುಖದ ಬಣ್ಣ ಇಳಿಯಿತು. ಅನುವಾದಿಸುವುದೋ ಬೇಡವೋ ಎಂದು ನಿಂತ. ಕ್ಯಾಪ್ಟನ್ ತಾನೇ ತಲೆ ಎತ್ತಿ ನೋಡಿದ ಮೇಲೆ ಮೆಲ್ಲಗೆ ಹೇಳಿದ. ಕ್ಯಾಪ್ಟನ್ ಪೆನ್ಸಿಲು ಕೆಳಗಿಟ್ಟ. ನಿದ್ದೆಗೆಟ್ಟ ಕಣ್ಣುಗಳು, ನೆಗಡಿಯಾದ ಮೂಗು. ಇವನಿಗೂ ಮನೆಯಲ್ಲಿ ಯಾರೋ ಬಿಸಿನೀರು ಕಾಯಿಸಿ ಕೊಡುತ್ತಿದ್ದಿರಬೇಕು.

"ಇದನ್ನು ನಿಮಗೆ ತಿಳಿಸಿದವರು ಯಾರೆಂದು ಕ್ಯಾಪ್ಟನ್ ಅವರು ಪ್ರಶ್ನಿಸುತ್ತಾರೆ. ಉತ್ತರವು ಸುಳ್ಳಾಗಿದ್ದಲ್ಲಿ ಪರಿಣಾಮವು ಗಂಭೀರವಾಗಿರುತ್ತದೆ."

"ಗೆಣಸು ಹೇಳ್ತು," ಎಂದಳು. ಹೊರಗೆ ಚ್ಯೂ ತಾತ ಕೆಮ್ಮಿದ್ದು ಕೇಳಿಸಿತು. "ನನಗೊಬ್ಬಳಿಗೇ ಅಲ್ಲ. ಆ ಹಾರೋನಿಗೂ ಅದೇ ಹೇಳ್ತಿದೆ, ದಿನಾ. ಗುಡ್ಡದ ಮೇಲೆ ಬನ್ನಿ, ನಿಮಗೂ ಹೇಳತ್ತೆ."

ಮಿಯೊಷಿ ಇದನ್ನು ಯಾವ ಪುಸ್ತಕದ ಮಾತಿನಲ್ಲಿ ಹೇಳಿದನೋ. ಕ್ಯಾಪ್ಟನ್ ಮೂಗು ಒರೆಸಿಕೊಂಡು, ಗೋಡೆಗೆ ನೇತುಹಾಕಿದ್ದ ದುರ್ಬೀನು ತೆಗೆದುಕೊಂಡ.

ಹತ್ತುವಾಗ ಅವಳು ಮುಂದೆ, ಅವರು ಹಿಂದೆ. ಬೂಟಿನ ಕಾಲಿನವರು ಕಟ್ಟಿದ ಕಾಲಿನವಳ ಹಿಂದೆ ನಿಧಾನವಾಗಿ ನಡೆಯಬೇಕಾಯಿತು. ದಾಟಿಕೊಂಡು ಹೋಗಲು ಅವರಿಗೆ ದಾರಿ ಗೊತ್ತಿರಲಿಲ್ಲ. ಅವಳು ಬೇಗ ನಡೆಯಲು ಪ್ರಯತ್ನಿಸಲಿಲ್ಲ. ಹಿಂದೆ ಊರಿನ ಬಾಗಿಲುಗಳೆಲ್ಲ ತೆರೆದಿದ್ದವು, ಆ ಬಾಗಿಲುಗಳಲ್ಲಿ ನಿಂತವರು ಏನನ್ನು ನೋಡುತ್ತಿದ್ದಾರೆ ಎಂದು ಅವಳಿಗೆ ಗೊತ್ತಿತ್ತು. ಇವಳನ್ನು ಬೆಟ್ಟದ ಮೇಲೆ ಒಯ್ದು ಗುಂಡು ಹೊಡೆಯುತ್ತಾರೆ ಎಂದು ಕೆಲವರು ಎಣಿಸಿರಬಹುದು. ತನಗೂ ಹಾಗೇ ಅನ್ನಿಸುತ್ತಿದೆಯೇ ಎಂದು ಒಳಗೆ ಹುಡುಕಿದಳು. ಇತ್ತು, ಒಂದು ಮೂಲೆಯಲ್ಲಿ, ಚಿಕ್ಕದಾಗಿ. ಅದಕ್ಕಿಂತ ದೊಡ್ಡದಾಗಿ ಇದ್ದದ್ದು, ಇಷ್ಟು ಜನ ತನ್ನ ಹೆಜ್ಜೆಗೆ ಹೆಜ್ಜೆ ಹಾಕುತ್ತಿದ್ದಾರೆ ಎಂಬ ಹೊಸ ರುಚಿ.

ತುದಿಯಲ್ಲಿ ಅವಳು ಕೈಯನ್ನಷ್ಟೇ ಚಾಚಿದಳು. ಕ್ಯಾಪ್ಟನ್ ದುರ್ಬೀನು ಎತ್ತಲೇ ಇಲ್ಲ, ಬರಿಗಣ್ಣಿಗೇ ಸಾಕಾಗಿತ್ತು. ಬಿಳಿ, ಬಿಳಿ, ಕಪ್ಪು, ಬಿಳಿ. ಅವನ ತುಟಿಗಳು ಪ್ರತಿ ಕಪ್ಪಿಗೂ ಒಂದೊಂದು ಹೆಸರು ಹೇಳುವ ಹಾಗೆ ಅಲುಗಿದವು, ತನ್ನ ಪಡೆಗಳ ಹೆಸರುಗಳಿರಬೇಕು. ಕೊನೆಗೆ ಕಾಲ ಕೆಳಗಿನ ಇಳಿಜಾರನ್ನು ನೋಡಿದ. ಒಂದು ಸಣ್ಣ ಶಬ್ದ ಅವನ ಮೂಗಿನಿಂದ ಬಂತು, ನೆಗಡಿಯದೋ ನಗುವಿನದೋ. ಎರಡು ಮಾತಾಡಿದ.

ಮಿಯೊಷಿ ಅನುವಾದಿಸುವ ಹೊತ್ತಿಗೆ ಅವನ ಪುಸ್ತಕದ ಭಾಷೆ ಸ್ವಲ್ಪ ಸಡಿಲವಾಗಿತ್ತು. "ಕ್ಯಾಪ್ಟನ್ ಅವರು ಹೇಳುತ್ತಾರೆ, ಶತ್ರುವಿಗೆ ನಮ್ಮ ನಕ್ಷೆ ಬರೆದುಕೊಟ್ಟವರು ನಾವೇ. ಹರಡಿ. ಕೂಡಲೇ ಹರಡಿ. ಎಷ್ಟಿದೆಯೋ ಅಷ್ಟನ್ನೂ."

ಅವಳು ಗುಡ್ಡದ ತುದಿಯಿಂದಲೇ ಕೂಗಿದಳು. ಗಾಳಿ ಮಾತನ್ನು ಹರಿದು ಹಾಕಿತು. ಆದರೆ ಸುನ್ ಅಕ್ಕ ಕೆಳಗೆ ಅಂಗಳದಲ್ಲಿ ಸೊಂಟಕ್ಕೆ ಕೈಯಿಟ್ಟು ಮೇಲೇ ನೋಡುತ್ತ ನಿಂತಿದ್ದಳು. ಚೈಪಿಂಗ್ ಎರಡೂ ತೋಳುಗಳನ್ನು ಅಗಲಿಸಿ, ಬೀಜ ಚೆಲ್ಲುವ ಹಾಗೆ ಬೀಸಿದಳು. ಮತ್ತೆ ಬೀಸಿದಳು. ಸುನ್ ಅಕ್ಕನಿಗೆ ಮಾತು ಬೇಕಾಗಲಿಲ್ಲ. ಅವಳ ದಪ್ಪ ಗಂಟಲು ಬೀದಿಯುದ್ದಕ್ಕೂ ಹರಿಯಿತು: "ಬರ್ರೇ! ಹರಡ್ಬಹುದಂತೆ! ನಮ್ಮ ಚೈಪಿಂಗ್ ಅಪ್ಪಣೆ ಹೊರಡಿಸಿದಾಳೆ ಕಣ್ರೇ!" ನಮ್ಮ ಚೈಪಿಂಗ್. ಹೆಸರು ಗುಡ್ಡದವರೆಗೆ ಬಂತೋ, ಬಂದಂತೆ ಅವಳಿಗೆ ಕೇಳಿತೋ.

ಚಾಪೆಗಳು ಎದ್ದವು. ಬುಟ್ಟಿಗಳು, ಜರಡಿಗಳು, ಹೊದಿಕೆಯ ಮೂಟೆಗಳು, ಬಾಗಿಲಿನ ಹಲಗೆಯ ಮೇಲೆ ಹೇರಿಕೊಂಡು ಇಬ್ಬಿಬ್ಬರು. ಬೂಷ್ಟು ಹಿಡಿದದ್ದನ್ನು ಆರಿಸಿ ಹಂದಿಗೆ, ಉಳಿದದ್ದು ಇಳಿಜಾರಿಗೆ. ಹುಳಿ ವಾಸನೆಯನ್ನು ಗಾಳಿ ಎತ್ತಿಕೊಂಡು ಸಮುದ್ರದ ಕಡೆ ಹೋಯಿತು. ಹೆರೆಯದೆ ಉಳಿದಿದ್ದ ಗೆಣಸಿಗೆ ಮಣೆಗಳು ಹೊರಬಂದವು, ಬಂಡೆಗಳ ಮೇಲೇ ಕೂತು ಹೆರೆದರು. ಸಿಪಾಯಿಗಳು ಮೊದಲು ನೋಡುತ್ತ ನಿಂತಿದ್ದರು. ಆಮೇಲೆ ಅಂದು ತಲೆಯಾಡಿಸಿದ್ದ ಎಳೆಯ ಸಿಪಾಯಿ ಕೋಟು ಕಳಚಿಟ್ಟು ಒಂದು ಮೂಟೆಗೆ ಹೆಗಲು ಕೊಟ್ಟ. ಅವನು ಬಿಲ್ಲೆಗಳನ್ನು ಒಂದರ ಮೇಲೊಂದು ಬೀಳುವಂತೆ ಚೆಲ್ಲುತ್ತಿದ್ದ.

"ಹಾಗಲ್ಲಪ್ಪ," ಎಂದು ಸುನ್ ಅಕ್ಕ ಅವನ ಕೈಗೆ ಪಟ್ಟನೆ ಹೊಡೆದಳು. "ಒಂದಕ್ಕೊಂದು ತಾಗಬಾರದು. ನಿಮ್ಮಮ್ಮ ಏನೂ ಕಲಿಸಿಲ್ವಾ? ನನ್ನ ಕತ್ತೆ ಇದಕ್ಕಿಂತ ಚೆನ್ನಾಗಿ ಹರಡ್ತಿತ್ತು." ಅವನಿಗೆ ಒಂದಕ್ಷರವೂ ತಿಳಿಯಲಿಲ್ಲ. ಕೆಂಪಾಗಿ, ಬಗ್ಗಿ, ಬಿಲ್ಲೆಗಳನ್ನು ಬೆರಳಿನಿಂದ ಬೇರೆ ಬೇರೆ ಮಾಡಿದ.

ಮಧ್ಯಾಹ್ನಕ್ಕೆ ಇಳಿಜಾರು ಬೆಳ್ಳಗಾಯಿತು. ಚೈಪಿಂಗ್ ಬುಟ್ಟಿ ತರುವ ನೆಪದಲ್ಲಿ ಮತ್ತೆ ತುದಿಗೆ ಹತ್ತಿದಳು. ಗುಡಿಯಿಂದ ಹೊರಟ ಟೆಲಿಫೋನಿನ ಕಪ್ಪು ತಂತಿ ಹೊಲಗಳ ಮೇಲೆ ಹಾದು ನದಿಯ ಕಡೆ ಹೋಗಿತ್ತು. ಆ ತಂತಿಯಲ್ಲಿ ಏನು ಹೋಗುತ್ತದೆಂದು ಅವಳಿಗೆ ಈವರೆಗೆ ತಿಳಿದಿರಲಿಲ್ಲ. ಈಗ ನೋಡುತ್ತ ನಿಂತಳು. ನದಿಯ ತಿರುವಿನ ಕಪ್ಪು ಗುಡ್ಡದ ಬುಡದಲ್ಲಿ ಒಂದು ಬಿಳಿಯ ಚುಕ್ಕೆ ಮೂಡಿತು, ಹಾಲು ಚೆಲ್ಲಿದಂತೆ ಹರಡಿತು, ಮೇಲೇರಿತು. ಆಮೇಲೆ ಪೈನ್ ಕಾಡುಗಳ ನಡುವಿನದು. ಬಹಳ ಹೊತ್ತಾದ ಮೇಲೆ, ಸುಣ್ಣದ ಗೂಡಿನ ಹಿಂದಿನದು. ಅಲ್ಲಿ ಯಾವ ಹೆಂಗಸರು ಈಗ ಚಾಪೆ ಎತ್ತಿ ಕೈ ತೂರಿಸಿ, ಇನ್ನೂ ಉಳಿದಿದೆ ಎಂದು ಕೂಗುತ್ತಿದ್ದಾರೋ, ಅವರ ಮುಖಗಳನ್ನು ಅವಳು ಎಂದೂ ನೋಡುವುದಿಲ್ಲ. ಅವರಿಗೆ ಇವಳ ಹೆಸರು ಗೊತ್ತಾಗುವುದಿಲ್ಲ. ಅಪ್ಪಣೆ ಬಂತು ಎನ್ನುತ್ತಾರೆ, ಮೇಲಿನವರಿಗೆ ಕೊನೆಗೂ ಬುದ್ಧಿ ಬಂತು ಎನ್ನುತ್ತಾರೆ. ಅವಳು ಎದೆಯ ಮೇಲೆ ಕೈಯಿಟ್ಟುಕೊಂಡಳು. ಅಲ್ಲಿ ಏನೋ ಬಡಿಯುತ್ತಿತ್ತು, ಗಂಡ ಸತ್ತಾಗಿನಿಂದ ಅದನ್ನು ಅವಳು ಕೇಳಿಸಿಕೊಂಡಿರಲಿಲ್ಲ.

ವಿಮಾನ ಬಂದದ್ದು ಆಗಲೇ. ಮೊದಲು ಸದ್ದು, ಆಮೇಲೆ ದಕ್ಷಿಣದಿಂದ, ಹದ್ದಿನಂತೆ ರೆಕ್ಕೆ ಹಿಂದಕ್ಕೆ ಬಾಗಿಸಿಕೊಂಡು. ಸಿಪಾಯಿಗಳು ಹಳ್ಳಕ್ಕೆ, ಮರದ ಕೆಳಗೆ ಓಡಿದರು. ಹೆಂಗಸರೂ ಏಳಹೊರಟರು.

"ಓಡ್ಬೇಡಿ!" ಎಂದಳು ಚೈಪಿಂಗ್ ಮೇಲಿಂದ. "ಗೆಣಸು ಹರಡೋರು ಎಲ್ಲಿಗೆ ಓಡ್ತಾರೆ? ಕೆಲಸ ಮಾಡಿ!"

ಬಗ್ಗಿದ ಬೆನ್ನುಗಳು ಬಗ್ಗಿಯೇ ಇದ್ದವು. ಅವಳು ಮಾತ್ರ ನೆಟ್ಟಗೆ ನಿಂತು ತಲೆ ಎತ್ತಿದಳು. ಅಷ್ಟು ಮೇಲೆ ಕೂತವನು ಕೆಳಗೆ ಬಾಗಿ ನೋಡುತ್ತಿದ್ದಾನೆ. ತನ್ನ ದೊರೆಗೆ ಇನ್ನೊಬ್ಬ ದೊರೆಯ ಮೇಲೆ ಸಿಟ್ಟು ಬಂದದ್ದಕ್ಕೆ ಇಷ್ಟು ದೂರದ ಆಕಾಶದಲ್ಲಿ ಒಬ್ಬನೇ ಸುತ್ತುತ್ತಿರುವವನು. ಅವನ ಕಣ್ಣಿಗೆ ಏನು ಬೀಳಬೇಕೆಂದು ಈ ದಿನ ಗೊತ್ತುಮಾಡಿದವಳು ತಾನು. ಒಂದು ಸುತ್ತು ಹೊಡೆದ. ಇನ್ನೊಂದು. ಅವನ ಕಡೆಗೆ 'ನೋಡು, ಊಟ' ಎಂದು ಕೂಗಬೇಕೆಂದು ಅವಳಿಗೆ ಅನ್ನಿಸಿತು. ಕೆಳಗಿನ ತೋಪುಗಳು ಉಳಿದರೆ ಅವು ನಾಳೆ ಗಂಡ ಹೊತ್ತ ಸಿಮೆಂಟನ್ನು ಒಡೆಯುತ್ತವೆ, ಆ ಗೋಡೆಯ ಹಿಂದಿನವರು ಸಾಯುತ್ತಾರೆ. ಅದು ಅವಳ ಮನಸ್ಸಿನ ಮೇಲೆ ವಿಮಾನದ ನೆರಳಿನಷ್ಟು ಹೊತ್ತು ಹಾದುಹೋಯಿತು. ಯಾರು ಗೆದ್ದರೂ ಬಂದರು ಇನ್ನೊಬ್ಬರದೇ. ಈ ಗುಡ್ಡದಲ್ಲಿರುವುದು ಇವರ ಚಳಿಗಾಲ. ಮೂರನೆಯ ಸುತ್ತು ಹೊಡೆಯದೆ ವಿಮಾನ ರೆಕ್ಕೆ ವಾಲಿಸಿ ಬಂದ ದಾರಿಯಲ್ಲೇ ಚಿಕ್ಕದಾಯಿತು. ಊರು ಉಸಿರು ಬಿಗಿಹಿಡಿದು ಕಾಯಿತು. ಗುಂಡು ಬರಲಿಲ್ಲ. ಆಮೇಲೂ ಬರಲಿಲ್ಲ. ಬಿಸಿಲು ಬಿಲ್ಲೆಗಳ ಮೇಲೆ ಬಿದ್ದಿತ್ತು, ಅವುಗಳ ಅಂಚು ಆಗಲೇ ಸುರುಟುತ್ತಿತ್ತು.

ಷೌರೆನ್ ಇಳಿಜಾರು ಹತ್ತಿ ಅವಳ ಬಳಿ ಬಂದ. ಏದುಸಿರು ಬಿಡುತ್ತಿದ್ದ. ಅವಳ ಮುಖ ನೋಡದೆ, ದೂರದ ಬಿಳಿ ಗುಡ್ಡಗಳನ್ನು ನೋಡಿದ. ನೋಡಿಕೊಂಡೇ ನಿಂತ. ಅವನಿಗೆ ಎಲ್ಲ ತಿಳಿಯಿತೆಂದು ಅವನ ಕತ್ತಿನ ನರದಲ್ಲಿ ಅವಳಿಗೆ ಕಂಡಿತು.

"ಎಣ್ಣೆಗಾಣದೋನಿಗೆ..." ಎಂದು ಶುರುಮಾಡಿ, ಗಂಟಲು ಸರಿಮಾಡಿಕೊಂಡ. "ಅಮ್ಮ ಬೇಡ ಅಂತ ಹೇಳಿ ಕಳಿಸು ಅಂದ್ಳು."

ಅವಳು ತಲೆಯಾಡಿಸಲಿಲ್ಲ. ಮನೆಯ ಹಿರಿಯನಾಗಿ ಏನಾದರೂ ಅಪ್ಪಣೆ ಕೊಡಬೇಕೆಂಬ ಅಭ್ಯಾಸ ಅವನ ಕೈಗಳಲ್ಲಿ ಚಡಪಡಿಸುತ್ತಿತ್ತು. ಕೊನೆಗೆ ಕೇಳಿದ: "ಬಿಲ್ಲೆ ತಿರುವಿ ಹಾಕೋದು ಯಾವಾಗ?"

ಅವಳು ಬಗ್ಗಿ ಒಂದು ಬಿಲ್ಲೆ ಎತ್ತಿ ಬೆರಳಿನ ನಡುವೆ ಬಾಗಿಸಿ ನೋಡಿದಳು. ಇಳಿಜಾರಿನಲ್ಲಿ ಹೆಂಗಸರು, ಮುದುಕರು, ಮರದ ಕೆಳಗಿಂದ ಹೊರಬಂದ ಸಿಪಾಯಿಗಳು, ಎಲ್ಲರೂ ಅವಳ ಕಡೆ ಮುಖ ಮಾಡಿ ಕಾಯುತ್ತಿದ್ದರು. ಅವಳು ಅವಸರ ಮಾಡಲಿಲ್ಲ. ಗಾಳಿ ಎತ್ತ ಕಡೆಯಿಂದ ಇದೆ ಎಂದು ಇನ್ನೊಮ್ಮೆ ಕೆನ್ನೆ ತಿರುಗಿಸಿ ನೋಡಿಕೊಂಡಳು.

"ಈಗ," ಎಂದಳು.

ಗುಡ್ಡದ ತುಂಬ ಬೆನ್ನುಗಳು ಬಾಗಿದವು.